ಗಿ ಅಂದರೆ

ರವೆ ಗಂಟುಕಟ್ಟಬಾರದು, ಬೆಲ್ಲ ಸೀಯಬಾರದು, ಇವತ್ತೊಂದು ದಿನ ಏನೂ ಕೆಡಬಾರದು ಎಂದುಕೊಳ್ಳುತ್ತ ಹೊನ್ನೇಶ ಸೌಟು ತಿರುವುತ್ತಿದ್ದ. ಕಡೂರಿನ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದ ಹಿಂದಿನ ಕೋಣೆ ಅದು. ಒಂದು ಲೀಟರು ನೀರಿಗೆ ನೂರು ಗ್ರಾಂ ಬೆಲ್ಲ, ನೂರು ಗ್ರಾಂ ರವೆ, ಗಟ್ಟಿಯಾಗಲು ಒಂದಿಷ್ಟು ಅಗರ್; ಈ ಅಡುಗೆಯನ್ನು ಅವನು ಹದಿನೇಳು ವರ್ಷದಿಂದ ಮಾಡಿಕೊಂಡು ಬಂದಿದ್ದ. ಉಣ್ಣುವವರು ಹಣ್ಣಿನ ನೊಣಗಳು, ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಅಟೆಂಡರ್ ಹೊನ್ನೇಶನಿಗೆ ಮರ್ಯಾದೆ ಕೊಟ್ಟವರನ್ನು ಲೆಕ್ಕ ಹಾಕಿದರೆ ನೊಣಗಳದೇ ಮೊದಲ ಹೆಸರು ಎಂದು ಅವನೇ ತಮಾಷೆ ಮಾಡುವುದಿತ್ತು. ಬೆಳಿಗ್ಗೆ ದೇವನೂರಿನಿಂದ ಬೈಕಿನಲ್ಲಿ ಬರುವಾಗ ಹಾಡು ಗುನುಗಿದ್ದ. ಖುಷಿಯಾಗಿತ್ತು. ಅದು ಒಳ್ಳೆಯ ಖುಷಿಯಲ್ಲ ಎಂಬುದು ಗೊತ್ತಿತ್ತು, ಗೊತ್ತಿದ್ದರಿಂದಲೇ ಇನ್ನಷ್ಟು ರುಚಿಸುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಅಜ್ಜಂಪುರದಲ್ಲಿ ಪ್ರೊಫೆಸರ್ ಸಿದ್ದಲಿಂಗೇಶರಿಗೆ ಊರವರ ಸನ್ಮಾನ. ಬುಕ್ಕಾಂಬುಧಿಯ ಹೆಮ್ಮೆಯ ಮಗ, ನೊಣದ ವರ್ಣತಂತುವಿನ ರಹಸ್ಯ ಬಿಡಿಸಿದವರು ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆ ಸಭೆಯಲ್ಲಿ ಎದ್ದು ನಿಂತು ಹೊನ್ನೇಶ ಒಂದೇ ಒಂದು ಪ್ರಶ್ನೆ ಕೇಳುವವನಿದ್ದ. ಸಾರ್, ಗಿ ಅಂದರೆ ಏನು? ಎಂಟು ವರ್ಷದಿಂದ ಆ ಪ್ರಶ್ನೆಯನ್ನು ನಾಲಿಗೆಯ ಮೇಲಿಟ್ಟುಕೊಂಡೇ ಅವನು ಉಂಡಿದ್ದ, ಮಲಗಿದ್ದ, ಮದುವೆ ಮುಂಜಿಗಳಿಗೆ ಹೋಗಿಬಂದಿದ್ದ.

ಹೆಂಡತಿ ಕೋಮಲಾಗೆ ಅವನು ವರ್ಣತಂತುವಿನ ವಿಷಯವನ್ನು ಸೀರೆಯ ಕುಚ್ಚು ಹಿಡಿದು ವಿವರಿಸಿದ್ದ. ಸೆರಗಿನ ಅಂಚಿಗೆ ಕುಚ್ಚು ಕಟ್ಟದಿದ್ದರೆ ನೂಲು ಬಿಚ್ಚಿಕೊಂಡು ಹೋಗುತ್ತದಲ್ಲ, ಹಾಗೆಯೇ ಜೀವಕೋಶದೊಳಗಿನ ವರ್ಣತಂತುವಿನ ತುದಿಗೂ ಒಂದು ಕಟ್ಟು ಬೇಕು, ಅದಕ್ಕೆ ಟೆಲೋಮಿಯರ್ ಎನ್ನುತ್ತಾರೆ. ತಲೆಮಾರಿನಿಂದ ತಲೆಮಾರಿಗೆ ಆ ತುದಿ ಸವೆಯುತ್ತದೆ. ಸವೆದದ್ದನ್ನು ತುಂಬಲು ಮನುಷ್ಯನಿಗೆ ಒಂದು ಕಿಣ್ವವಿದೆ, ಹಣ್ಣಿನ ನೊಣಕ್ಕೆ ಅದಿಲ್ಲ. ಅದರಲ್ಲಿ ಜಿಗಿದಾಡುವ ತುಂಡುಗಳಿವೆ, ಅವೇ ಬಂದು ತುದಿಗೆ ಅಂಟಿಕೊಂಡು ಉದ್ದ ಮಾಡುತ್ತವೆ. ಎಷ್ಟು ಅಂಟಬೇಕು, ಎಲ್ಲಿಗೆ ಸಾಕು ಎಂದು ಕಾವಲು ಕೂತಿರುವುದು ಕೆಲವು ಪ್ರೋಟೀನುಗಳು. ಹೊನ್ನೇಶ ಕಡೂರಿಗೆ ಬರುವ ಮುಂಚೆ ಕೆಲಸಕ್ಕಿದ್ದ ಸಿದ್ದಲಿಂಗೇಶರ ಪ್ರಯೋಗಾಲಯದಲ್ಲಿ ಅಂಥದೊಂದಕ್ಕೆ ನಲವತ್ತೇಳು ಎಂದು ನಂಬರಿನ ಹೆಸರು. ಆ ನಲವತ್ತೇಳನ್ನು ಅರ್ಧಕ್ಕಿಳಿಸಿದರೆ ಕಾವಲು ಸಡಿಲಾಗಿ ತುದಿ ಬೆಳೆಯುತ್ತದೆ ಎಂದು ತೋರಿಸಿಕೊಟ್ಟದ್ದೇ ಅವರ ಕೀರ್ತಿ. ತೋರಿಸಿದ ಬಗೆ ಸುಲಭ. ವರ್ಣತಂತುವಿನ ತುದಿ ಮುರಿದಿದ್ದ ನೊಣಗಳ ಒಂದು ವಂಶವಿತ್ತು. ತುದಿ ಬೆಳೆದರೆ ಅವುಗಳ ಕುಡಿಮೀಸೆಯ ಕೂದಲು ಕಪ್ಪಾಗುತ್ತದೆ, ಬೆಳೆಯದಿದ್ದರೆ ಹಳದಿಯಾಗಿಯೇ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಸಾವಿರಾರು ಕುಡಿಮೀಸೆ ನೋಡಿದವನು ಹೊನ್ನೇಶ. ಅವನಷ್ಟು ಚುರುಕು ಕಣ್ಣು ಇಡೀ ವಿಭಾಗದಲ್ಲಿ ಯಾರಿಗೂ ಇರಲಿಲ್ಲ, ಅದನ್ನು ಎಲ್ಲರೂ ಒಪ್ಪುತ್ತಿದ್ದರು, ಒಪ್ಪಿ ಅವನ ಕೈಗೆ ತೊಳೆಯುವ ಬಾಟಲಿ ಕೊಡುತ್ತಿದ್ದರು. ನಲವತ್ತೇಳು ಅರ್ಧವಾಗಿದ್ದ ನೊಣಗಳ ಬಾಟಲಿ ಅರವತ್ತು. ಪ್ರತಿ ಬಾಟಲಿಯಲ್ಲಿ ಎಷ್ಟು ಕಪ್ಪು ಮೀಸೆ ಸಿಕ್ಕವೆಂದು ಅವನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಒಂದೂ ಸಿಗದ ಬಾಟಲಿಯ ಮುಂದೆ ‘ಗಿ’ ಎಂದು ಹಾಕುತ್ತಿದ್ದ. ಗಿಡ್ಡ. ತುದಿ ಬೆಳೆಯಲಿಲ್ಲ ಎಂದರ್ಥ. ಅರವತ್ತರಲ್ಲಿ ನಲವತ್ತೊಂದು ಗಿ.

ಆದರೆ ಆ ಬಾಟಲಿಗಳಿದ್ದ ಬೀರುವಿನಲ್ಲೇ, ಕೆಳಗಿನ ಅರೆಯಲ್ಲಿ, ಏನೂ ಮಾಡದ ಮಾಮೂಲಿ ನೊಣಗಳ ಬಾಟಲಿಗಳಿದ್ದವು, ಹೋಲಿಸಿ ನೋಡುವುದಕ್ಕೆಂದು. ಅವುಗಳಲ್ಲೂ ತುದಿ ಬೆಳೆಯದವುಗಳ ಪಾಲು ಹೆಚ್ಚುಕಡಿಮೆ ಅಷ್ಟೇ ಇತ್ತು. ಅವನ್ನು ನೋಡಿಕೊಳ್ಳುತ್ತಿದ್ದವರು ಹಿರಿಯ ಅಟೆಂಡರ್, ತರೀಕೆರೆಯ ಗಿಡ್ಡಪ್ಪ. ತಮ್ಮ ಬಾಟಲಿಗಳು ಬೇರೆಯವರದರಲ್ಲಿ ಬೆರೆಯದಿರಲೆಂದು ಗಿಡ್ಡಪ್ಪನವರೂ ಹತ್ತಿಯ ಬಿರಡೆಗೆ ಸುತ್ತಿದ ಚೀಟಿಯ ಮೇಲೆ ‘ಗಿ’ ಎಂದೇ ಬರೆಯುತ್ತಿದ್ದರು. ಸಿದ್ದಲಿಂಗೇಶರು ಹೊನ್ನೇಶನ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವಾಗ, ಇವೆಲ್ಲ ಗಿಡ್ಡಪ್ಪನ ಬಾಟಲಿಗಳು, ಮೇಲಿನ ಅರೆಗೆ ಬಂದು ಸೇರಿಕೊಂಡಿವೆ ಎಂದುಕೊಂಡರು. ನಲವತ್ತೊಂದನ್ನೂ ಎತ್ತಿ ಮಾಮೂಲಿ ನೊಣಗಳ ಕಡೆಗೆ ಹಾಕಿದರು. ಉಳಿದ ಹತ್ತೊಂಬತ್ತರಲ್ಲಿ ಹತ್ತೊಂಬತ್ತೂ ಉದ್ದ! ಅಷ್ಟು ಚೊಕ್ಕವಾದ ಫಲಿತಾಂಶ ಯಾವ ದೇಶದಲ್ಲೂ ಯಾರಿಗೂ ಸಿಕ್ಕಿರಲಿಲ್ಲ. ಸಿಗುವುದಾದರೂ ಹೇಗೆ? ಪಕ್ಕದಲ್ಲೇ ನಿಂತಿದ್ದವನನ್ನು ಗಿ ಎಂದರೆ ಏನಯ್ಯಾ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಅಟೆಂಡರನ್ನು ಕೇಳಿ ತಿಳಿದುಕೊಳ್ಳುವುದುಂಟೇ.

ಲೇಖನ ಅಚ್ಚಾಗಿ ಬಂದ ಸುದ್ದಿಯೂ ವಿಭಾಗದ ಆಯುಧಪೂಜೆಯೂ ಒಂದೇ ದಿನ ಬಿದ್ದಿದ್ದವು. ಹೊನ್ನೇಶ ನೊಣಗಳ ಅಡುಗೆ ಇಳಿಸಿ, ಕೈ ತೊಳೆದು, ಹೊಸ ಪಾತ್ರೆಯಲ್ಲಿ ಸಜ್ಜಿಗೆಗೆ ರವೆ ಹುರಿಯಲು ಕೂತಿದ್ದ. ಯಾರೂ ಹೇಳಿರಲಿಲ್ಲ, ತಾನಾಗಿ ಕೂತದ್ದು. ದಿನಾ ರವೆ ಬೆಲ್ಲದಲ್ಲೇ ಇರುವ ಕೈ, ಇನ್ಯಾರು ಮಾಡಬೇಕು ಎಂದುಕೊಂಡಿದ್ದ. ಸಿದ್ದಲಿಂಗೇಶರು ಬಾಗಿಲಲ್ಲಿ ನಿಂತು, ಜೋರಾಗಿಯೂ ಅಲ್ಲ, ಹೆಗಲ ಮೇಲೆ ಕೈಯಿಡುವ ದನಿಯಲ್ಲಿ, "ನೀನು ಬಿಡಪ್ಪ ಹೊನ್ನೇಶ, ಪ್ರಸಾದ ಅಲ್ವಾ, ಮನೆಯಿಂದ ಮಾಡಿಸ್ಕೊಂಡು ಬರ್ತಾರೆ. ನೀನು ನೊಣದ್ದು ನೋಡ್ಕೊ" ಎಂದಿದ್ದರು. ಒಲೆ ಆರಿಸಿ ಅವನು ಹೊರಗೆ ಬಂದಾಗ ಗೋಡೆಗೆ ಆ ಲೇಖನದ ನಕ್ಷೆಯನ್ನು ದೊಡ್ಡದಾಗಿ ಅಂಟಿಸಿದ್ದರು. ಹತ್ತೊಂಬತ್ತು ಎಂಬ ಅಂಕಿ ನೋಡಿದ ಕ್ಷಣವೇ ಅವನಿಗೆ ಹೊಳೆಯಿತು. ಬಾಯಿ ತೆರೆದೂ ಇದ್ದ. ಆಗ ಬಾಳೆಲೆಯ ಚೂರಿನಲ್ಲಿ ಸಜ್ಜಿಗೆ ಹಂಚುತ್ತ ಬಂದವರು ಅವನ ಅಂಗೈಗೆ ಮೇಲಿನಿಂದ ಹಾಕಿಹೋದರು. ಅವನು ಬಾಯಿ ಮುಚ್ಚಿಕೊಂಡ. ಸಜ್ಜಿಗೆ ಚೆನ್ನಾಗಿರಲಿಲ್ಲ, ರವೆ ಹಸಿಯಾಗಿತ್ತು, ಆ ಹಸಿ ವಾಸನೆ ಈಗಲೂ ಮೂಗಿನಲ್ಲಿದೆ. ಅವತ್ತು ಸಂಜೆ ನೋಟ್‌ಬುಕ್ಕನ್ನು ಮನೆಗೆ ಒಯ್ದ. ಮುಂದೆ ಕಡೂರಿಗೆ ವರ್ಗವಾಗಿ ಬಂದಾಗ ಆ ನೊಣಗಳ ಒಂದಷ್ಟು ಬಾಟಲಿಗಳನ್ನೂ ಯಾರನ್ನೂ ಕೇಳದೆ ತಂದಿಟ್ಟುಕೊಂಡ. ಸಾರ್ ಹತ್ತಲಿ, ಇನ್ನೂ ಮೇಲಕ್ಕೆ ಹತ್ತಲಿ, ಬಿದ್ದರೆ ಮೂಳೆ ಮುರಿಯಬೇಕು ಎಂದು ಕಾದ. ಪ್ರಶಸ್ತಿ ಬಂದ ಸುದ್ದಿ ಪೇಪರಿನಲ್ಲಿ ಕಂಡಾಗಲೆಲ್ಲ ಕತ್ತರಿಸಿ ನೋಟ್‌ಬುಕ್ಕಿನೊಳಗೆ ಇಡುತ್ತಿದ್ದ. ಕೋಮಲಾ ಅದನ್ನು ಅಭಿಮಾನವೆಂದೇ ತಿಳಿದಿದ್ದಳು.

"ಅಣ್ಣಾ, ಆಯ್ತಾ?" ಎಂದು ಪ್ರಜ್ಞಾ ಬಾಗಿಲಲ್ಲಿ ನಿಂತಾಗ ಅವನು ಕೊನೆಯ ಬಾಟಲಿಗೆ ಅಡುಗೆ ಸುರಿಯುತ್ತಿದ್ದ. ಪಂಚನಹಳ್ಳಿಯ ಹುಡುಗಿ, ಸಿದ್ದಲಿಂಗೇಶರ ಕೈಕೆಳಗೆ ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಾಳೆ. ಅವಳ ವಿಷಯವೂ ನಲವತ್ತೇಳೇ. ಪ್ರಯೋಗಾಲಯದಲ್ಲಿದ್ದ ಹಳೆಯ ನೊಣಗಳು ನುಸಿಹುಳ ಬಿದ್ದು ಪೂರಾ ಸತ್ತುಹೋಗಿದ್ದವು. ಆ ವಂಶ ಈಗ ಉಳಿದಿರುವುದು ಹೊನ್ನೇಶನ ಬಳಿ ಮಾತ್ರ. ಅದಕ್ಕೇ ಬೆಳಗಿನ ರೈಲಿಗೆ ಬಂದಿದ್ದಳು. ಇಲ್ಲಿಂದ ನೊಣ ತೆಗೆದುಕೊಂಡು ಅಜ್ಜಂಪುರಕ್ಕೆ ಹೋಗಿ, ಸಭೆ ಮುಗಿದ ಮೇಲೆ ಸಾರ್ ಕಾರಿನಲ್ಲೇ ವಾಪಸು ಹೋಗಬೇಕು. "ತಿಂಡಿ ಆಯ್ತೇನವ್ವಾ?" ಎಂದ. ಆಯ್ತು ಎಂದಳು, ಆಗಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಬೆರಳುಗಳನ್ನು ಮುಷ್ಟಿಯೊಳಗೆ ಮಡಿಸಿಟ್ಟುಕೊಂಡು ನಿಂತಿದ್ದಳು. ಅವಳ ಮುಖ ನೋಡುವುದು ಹೊನ್ನೇಶನಿಗೆ ಯಾಕೋ ಕಷ್ಟವಾಯಿತು. ಹದಿನಾಲ್ಕು ಬಾಟಲಿಗಳನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ಬೈಕಿನ ಹಿಂದೆ ಕೂತ ಅವಳ ತೊಡೆಯ ಮೇಲೆ ಕೂರಿಸಿ, ನೋಟ್‌ಬುಕ್ಕಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬೈಕ್ ಹೊರಡಿಸಿದ.

ಬೀರೂರಿನ ರೈಲ್ವೆ ಗೇಟಿನಲ್ಲಿ ಗೂಡ್ಸು ಹೋಗುವವರೆಗೆ ನಿಲ್ಲಬೇಕಾಯಿತು, ಹೇಗೂ ನಿಂತಿದ್ದೇವೆ ಎಂದು ಪಕ್ಕದ ಅಂಗಡಿಯಲ್ಲಿ ಟೀ ಹೇಳಿದ. ಪ್ರಜ್ಞಾ ಬುಟ್ಟಿಯನ್ನು ನೆರಳಿಗೆ ಸರಿಸಿ ಬೆಂಚಿನ ತುದಿಯಲ್ಲಿ ಕೂತಳು. "ಇದೇ ಕಡೇ ಸಲ ಅಣ್ಣಾ. ಇದರಲ್ಲೂ ಬರ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ. ಕಾಗದ ಬರ್ದು ಬ್ಯಾಗಲ್ಲೇ ಇಟ್ಕಂಡಿದೀನಿ" ಎಂದಳು. ಏನು ಬರಲಿಲ್ಲ ಎಂದು ಕೇಳಬೇಕಾದದ್ದು ಹೊನ್ನೇಶ, ಕೇಳಲಿಲ್ಲ. ಅವಳೇ ಹೇಳಿದಳು. ನಾಲ್ಕು ವರ್ಷದಲ್ಲಿ ಏಳು ಸಲ ಮಾಡಿದ್ದಾಳೆ. ಏಳು ಸಲವೂ ನಲವತ್ತೇಳನ್ನು ಇಳಿಸಿದ ನೊಣಕ್ಕೂ ಮಾಮೂಲಿ ನೊಣಕ್ಕೂ ಏನೂ ವ್ಯತ್ಯಾಸವಿಲ್ಲ. "ಸಾರ್ ಬೈಯಲ್ಲ. ಬೈದಿದ್ರೆ ಚೆನ್ನಾಗಿತ್ತು. ನಿನ್ನ ಕೈ ಸರಿ ಇಲ್ಲಮ್ಮ ಅಂತಾರೆ. ಲ್ಯಾಬಲ್ಲಿ ಎಲ್ರೂ ಅದನ್ನೇ ಅಂತಾರೆ, ಪ್ರಜ್ಞಾ ಕೈ ಸರಿ ಇಲ್ಲ. ಈಗ ಮನೇಲಿ ಲೋಟ ಬಿದ್ರೂ ನಂಗೆ ಹಂಗೇ ಅನ್ನಿಸುತ್ತೆ."

ಹೊನ್ನೇಶ ಟೀ ಲೋಟವನ್ನು ಕೆಳಗಿಟ್ಟ. ಹೋದ ವರ್ಷ, ಯುಗಾದಿ ಕಳೆದ ಮೇಲೆ, ಇದೇ ಹುಡುಗಿ ಫೋನು ಮಾಡಿದ್ದಳು. ಅಣ್ಣಾ, ಹಳೇ ಪಟ್ಟೀಲಿ ಗಿ ಅಂತ ಇದೆ, ಸಾರ್ ಅದರ ಮುಂದೆ ಗಿಡ್ಡಪ್ಪ ಅಂತ ಟೈಪ್ ಮಾಡ್ಸಿದಾರೆ, ಅದು ಗಿಡ್ಡಪ್ಪ ಅಂತಾನೇನಾ? ಹೊನ್ನೇಶ ಆಗ ಊಟಕ್ಕೆ ಕೂತಿದ್ದ. ಮುದ್ದೆಯ ತುತ್ತು ಕೈಯಲ್ಲಿದ್ದ ಹಾಗೆಯೇ, ಉಸಿರೂ ಬದಲಾಗದಂತೆ, "ಹ್ಞೂಂ ಕಣವ್ವಾ, ಗಿಡ್ಡಪ್ಪ" ಎಂದಿದ್ದ. ನಿಜ ಹೇಳಿದರೆ ಅವಳು ನೇರ ಸಿದ್ದಲಿಂಗೇಶರ ಕೋಣೆಗೆ ಹೋಗುತ್ತಿದ್ದಳು. ಅವರು ಬಾಗಿಲು ಹಾಕಿಕೊಂಡು ಸದ್ದಿಲ್ಲದೆ ಸರಿಮಾಡಿಕೊಳ್ಳುತ್ತಿದ್ದರು, ಹೊನ್ನೇಶನ ಸೇಡು ಹೊನ್ನೇಶನಿಲ್ಲದೆಯೇ ಮುಗಿದುಹೋಗುತ್ತಿತ್ತು. ಅದು ಅವನಿಗೆ ಬೇಕಿರಲಿಲ್ಲ. ಹುಡುಗಿ ಒಂದು ವರ್ಷ ಒದ್ದಾಡಿದರೆ ಒದ್ದಾಡಲಿ, ಓದೋ ಮಕ್ಕಳು, ತಡೆದುಕೊಳ್ಳುತ್ತಾರೆ ಎಂದುಕೊಂಡು ತುತ್ತು ನುಂಗಿದ್ದ. ಈಗ ಬೆಂಚಿನ ಮೇಲೆ ಆ ಕೈಗಳು ಕಣ್ಣೆದುರಿಗೇ ಇದ್ದವು. ಲೋಟವನ್ನು ಎರಡೂ ಕೈಯಲ್ಲಿ, ಬಿದ್ದೀತೆಂಬಂತೆ ಹಿಡಿದಿದ್ದವು. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಅಸಹ್ಯವನ್ನು ಎಲ್ಲಿಡುವುದೆಂದು ತಿಳಿಯದೆ ಸಿದ್ದಲಿಂಗೇಶರ ಮೇಲೇ ಹಾಕಿದ. ಕೈ ಬಗ್ಗೆ ಮಾತಾಡುತ್ತಾರಲ್ಲ, ಇವರಿಗೆ ಬೇರೆಯವರ ಕೈಯದೇ ಚಿಂತೆ.

ಚೀಲದಿಂದ ನೋಟ್‌ಬುಕ್ ತೆಗೆದು ಅವಳ ಮುಂದಿಟ್ಟ. "ನಿನ್ ಕೈ ಸರಿಯಾಗೇ ಅದೆ. ನೋಡಿಲ್ಲಿ. ಇದು ಗಿಡ್ಡಪ್ಪ ಅಲ್ಲ, ಗಿಡ್ಡ." ಅವಳಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಪುಟದ ಮೇಲಿಂದ ಕೆಳಗೆ ಬೆರಳು ಓಡಿಸುತ್ತ ನಲವತ್ತೊಂದನ್ನೂ ಎಣಿಸಿದಳು, ಇನ್ನೊಂದು ಸಲ ಎಣಿಸಿದಳು. ಗೂಡ್ಸು ಹೋಗಿ ಗೇಟು ತೆಗೆದರೂ ಇಬ್ಬರೂ ಏಳಲಿಲ್ಲ. "ಹೋದ್ವರ್ಷ ಕೇಳ್ದಾಗ ಗಿಡ್ಡಪ್ಪ ಅಂದ್ರಲ್ಲಾ?" "ನಂಗೂ ಜ್ಞಾಪಕ ಇರ್ಲಿಲ್ಲ ಕಣವ್ವಾ. ಈಗ ಒಂದ್ ತಿಂಗ್ಳ್ ಹಿಂದೆ ಹಳೇ ಬುಕ್ ತೆಗ್ದಾಗ ಗೊತ್ತಾಯ್ತು." ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಪ್ರಜ್ಞಾ ನಂಬಿದಳು. ನಂಬಿ, ಅವನ ಕೈ ಹಿಡಿದು, "ನೀವು ನಂಗೆ ಜೀವ ಕೊಟ್ರಿ ಅಣ್ಣಾ" ಎಂದು ಬಿಕ್ಕಿದಳು. ಟೀ ಅಂಗಡಿಯ ದಾವೂದ್ ಸಾಬ್ ಏನಾಯ್ತೋ ಎಂದು ಬಗ್ಗಿ ನೋಡಿದ. ಹೊನ್ನೇಶ ಕೈ ಬಿಡಿಸಿಕೊಂಡ. ಸಾರ್‌ಗೆ ಈಗಲೇ ಹೇಳಬೇಡ, ಸಭೆಯಲ್ಲಿ ನಾನೇ ಕೇಳುತ್ತೇನೆ, ಎಲ್ಲರ ಎದುರಿಗೇ ಆಗಲಿ, ಅಲ್ಲಿಯವರೆಗೆ ನೋಟ್‌ಬುಕ್ ನಿನ್ನ ಹತ್ತಿರವೇ ಇರಲಿ ಎಂದ. ಅವಳು ಅದನ್ನು ದುಪಟ್ಟಾದಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಹಿಂದೆ ಕೂತಳು. ಅಜ್ಜಂಪುರ ಬರುವವರೆಗೂ ಎರಡು ಕಡೆಯೂ ಈರುಳ್ಳಿ ಕಿತ್ತ ಹೊಲಗಳು, ಗಾಳಿಯಲ್ಲಿ ಅದರದೇ ಘಾಟು. ಕಣ್ಣಲ್ಲಿ ನೀರು ಬರುತ್ತಿದ್ದುದಕ್ಕೆ ಅವನಿಗೊಂದು ನೆಪ ಸಿಕ್ಕಿತ್ತು.

ಸಭಾಂಗಣ ತುಂಬಿತ್ತು. ನಿವೃತ್ತ ಮೇಷ್ಟರುಗಳು, ಸೊಸೈಟಿಯ ನಿರ್ದೇಶಕರು, ಯೂನಿಫಾರ್ಮಿನಲ್ಲಿ ಕರೆತಂದು ಕೂರಿಸಿದ ಹೈಸ್ಕೂಲು ಹುಡುಗಿಯರು. ವೇದಿಕೆಯ ಮೇಲೆ ಸಿದ್ದಲಿಂಗೇಶರು ಪೇಟ ತೊಟ್ಟು ಸಂಕೋಚದಿಂದ ಕೂತಿದ್ದರು. ಕೂದಲು ಪೂರ್ತಿ ನೆರೆತಿತ್ತು, ಕುರ್ಚಿಯಿಂದ ಏಳುವಾಗ ಮೊಣಕಾಲು ಹಿಡಿದುಕೊಂಡರು. ಹೊನ್ನೇಶನ ಮನಸ್ಸಿನಲ್ಲಿದ್ದ ಸಿದ್ದಲಿಂಗೇಶರಿಗೆ ಎಂಟು ವರ್ಷದಲ್ಲಿ ಒಂದು ದಿನವೂ ವಯಸ್ಸಾಗಿರಲಿಲ್ಲ. ಅವರು ಮಾತಿನ ನಡುವೆ ನಾಲ್ಕನೇ ಸಾಲಿನಲ್ಲಿದ್ದ ಅವನನ್ನು ಕಂಡು, "ಓ, ನಮ್ಮ ಹೊನ್ನೇಶ! ಬಾರಯ್ಯ ಮೇಲೆ. ಇವನ ಕಣ್ಣು ಇಲ್ಲದಿದ್ದರೆ ಈ ಕೆಲಸ ಆಗ್ತಾನೇ ಇರಲಿಲ್ಲ" ಎಂದರು. ತಾವೇ ಒಂದು ಶಾಲು ಎತ್ತಿ ಅವನಿಗೆ ಹೊದೆಸಿದರು. ಈ ಒಂದು ಮಾತಿಗಾಗಿ ಅವತ್ತು ಅವನು ಏನನ್ನಾದರೂ ಕೊಡುತ್ತಿದ್ದ. ಇವತ್ತು ಅದು ಕೋಪವನ್ನು ಕಸಿದುಕೊಳ್ಳಲು ಬಂದಂತೆ ಕಂಡು ಇನ್ನಷ್ಟು ಉರಿಯಿತು. "ಎರಡು ಮಾತಾಡಪ್ಪ" ಎಂದು ಮೈಕು ಕೊಟ್ಟರು.

"ಸಾ, ಗಿ ಅಂದ್ರೆ ಏನು?"

ಸಿದ್ದಲಿಂಗೇಶರು ನಕ್ಕರು. "ಗಿ ಅಂದ್ರೆ ಗಿಡ್ಡಪ್ಪ! ನಮ್ಮ ಹಳೇ ಅಟೆಂಡರ್, ಪಾಪ, ತೀರಿಕೊಂಡ್ರು. ನೋಡಿ, ಇಂಥ ದಿನ ಅವರನ್ನೂ ನೆನೆಸಿದ, ಇದು ಹೊನ್ನೇಶನ ದೊಡ್ಡತನ." ಇಡೀ ಸಭೆ ಚಪ್ಪಾಳೆ ತಟ್ಟಿತು. ಎಂಟು ವರ್ಷ ಮಸೆದ ಪ್ರಶ್ನೆ ಶ್ರದ್ಧಾಂಜಲಿಯಾಗಿ ಕೆಳಗೆ ಬಿದ್ದಿತ್ತು. ಹೊನ್ನೇಶನ ಕಿವಿ ಬಿಸಿಯಾಯಿತು. "ಅಲ್ಲ ಸಾ, ಗಿ ಅಂದ್ರೆ ಗಿಡ್ಡ. ತುದಿ ಬೆಳ್ದಿಲ್ಲ ಅಂತ. ನನ್ ನಲವತ್ತೊಂದು ಬಾಟ್ಲೀನ ಗಿಡ್ಡಪ್ಪಂದು ಅಂದ್ಕಂಡು ಆ ಕಡೀಕ್ ಹಾಕ್ಬಿಟ್ರಿ. ನಿಮ್ ನಲವತ್ತೇಳರಿಂದ ಏನೂ ಆಗಲ್ಲ." ಮೇಷ್ಟರುಗಳು ಮುಖ ಮುಖ ನೋಡಿಕೊಂಡರು, ಹುಡುಗಿಯರು ಕಿಸಕ್ಕೆಂದರು. ಅರ್ಥವಾದದ್ದು ಆ ಸಭಾಂಗಣದಲ್ಲಿ ಇಬ್ಬರಿಗೆ ಮಾತ್ರ. ಇಷ್ಟು ಜನರ ಮುಂದೆ ಬೀಳಿಸಬೇಕೆಂದು ಕಾದದ್ದು, ಈಗ ಯಾರಿಗೂ ಬಿದ್ದದ್ದೇ ಕಾಣುತ್ತಿಲ್ಲ. ಸಿದ್ದಲಿಂಗೇಶರ ಮುಖದಲ್ಲಿದ್ದದ್ದೂ ಗಾಬರಿಯಲ್ಲ, ಲೆಕ್ಕ. ಸಾಲದು, ಇನ್ನೂ ನೋಯಬೇಕು ಎನ್ನಿಸಿ ಹೊನ್ನೇಶ ಮೈಕನ್ನು ಬಾಯಿಗೇ ಒತ್ತಿಕೊಂಡ. "ಅವತ್ತೇ ಗೊತ್ತಿತ್ತು ನಂಗೆ! ನಕ್ಷೆ ಗೋಡೆಗೆ ಅಂಟಿಸಿದ್ ದಿನಾನೇ! ಎಂಟ್ ವರ್ಷ ಬಾಯಿ ಮುಚ್ಕಂಡಿದ್ದೆ, ನೀವು ಮೇಲಕ್ ಹತ್ಲಿ ಅಂತ!"

ಹೇಳಿ ಮುಗಿಸಿದ ಮೇಲೆ ಪ್ರಜ್ಞಾ ಕಂಡಳು. ಅವಳು ಎದ್ದು ನಿಂತಿದ್ದಳು. ಸಾಲುಗಳ ನಡುವೆ ನಡೆದು, ಮೆಟ್ಟಿಲು ಹತ್ತಿ ಬಂದಳು. ತನ್ನ ಪಕ್ಕ ಬಂದು ನಿಲ್ಲುತ್ತಾಳೆಂದು ಹೊನ್ನೇಶ ಸ್ವಲ್ಪ ಸರಿದು ಜಾಗವನ್ನೂ ಬಿಟ್ಟ. ಅವಳು ನೋಟ್‌ಬುಕ್ಕನ್ನು ಸಿದ್ದಲಿಂಗೇಶರ ಮುಂದೆ ಬಿಡಿಸಿಟ್ಟಳು. ಅವರು ಪೇಟ ತೆಗೆದು ಮೇಜಿನ ಮೇಲಿಟ್ಟು, ಕನ್ನಡಕ ಏರಿಸಿ, ಪುಟದ ಮೇಲೆ ಬಗ್ಗಿದರು. ತುಟಿ ಅಲುಗುತ್ತಿತ್ತು. ಅಧ್ಯಕ್ಷರು ಏನೋ ಕೇಳಿದಾಗ ಬೆರಳೆತ್ತಿ ಸುಮ್ಮನಿರಿಸಿದರು. ಕೊನೆಗೆ "ಹೌದು" ಎಂದರು. ಅಷ್ಟೇ. ಆಮೇಲೆ ಹೊನ್ನೇಶನ ಕಡೆ ತಿರುಗಿ, ನಿಜಕ್ಕೂ ತಿಳಿಯದವರಂತೆ, "ಗೊತ್ತಿದ್ದೂ ಯಾಕಪ್ಪ ಹೇಳಲಿಲ್ಲ?" ಎಂದರು.

"ಸಜ್ಜಿಗೆ" ಎಂದ ಹೊನ್ನೇಶ.

"ಯಾವ ಸಜ್ಜಿಗೆ?"

ಅವರಿಗೆ ನೆನಪಿರಲಿಲ್ಲ. ನಟನೆಯಲ್ಲ, ಆ ಕಣ್ಣುಗಳನ್ನು ಹೊನ್ನೇಶ ಬಲ್ಲ, ಅಲ್ಲಿ ಏನೂ ಇರಲಿಲ್ಲ. ಆಯುಧಪೂಜೆ, ಒಲೆ, ನೊಣದ್ದು ನೋಡ್ಕೊ ಎಂದದ್ದು, ಅಂಗೈಗೆ ಮೇಲಿನಿಂದ ಬಿದ್ದದ್ದು, ಎಲ್ಲವನ್ನೂ ಈಗ ಮೊದಲಿನಿಂದ ಹೇಳಬೇಕಿತ್ತು, ಈ ಹುಡುಗಿಯ ಮುಂದೆ ನಿಂತು ಹೇಳಬೇಕಿತ್ತು. ಅದು ಸಣ್ಣದಲ್ಲ, ಇವತ್ತಿಗೂ ಸಣ್ಣದಲ್ಲ. ಆದರೂ ಅವನು ಮೈಕನ್ನು ಮೇಜಿನ ಮೇಲಿಟ್ಟುಬಿಟ್ಟ.

"ಸಾರ್, ಇದರ ಕೆಳಗೆ ಬರೀರಿ, ಪಟ್ಟಿ ತಪ್ಪು ಓದಿದ್ದು ಅಂತ. ಸೈನ್ ಹಾಕಿ" ಎಂದಳು ಪ್ರಜ್ಞಾ. "ಇಲ್ದಿದ್ರೆ ನನ್ನ ನಾಲ್ಕು ವರ್ಷ ಯಾರೂ ಒಪ್ಪಲ್ಲ." ಸಿದ್ದಲಿಂಗೇಶರು ಜೇಬಿನಿಂದ ಪೆನ್ನು ತೆಗೆದರು. ಬರೆಯಲು ಬಹಳ ಹೊತ್ತು ಹಿಡಿಯಿತು, ಎರಡು ಕಡೆ ನಿಲ್ಲಿಸಿದರು, ಸಹಿ ಮಾಡಿ ಅವತ್ತಿನ ತಾರೀಕು ಹಾಕಿದರು. ಅವಳು ಪುಟವನ್ನು ಹೊನ್ನೇಶನ ಕಡೆ ತಿರುಗಿಸಿದಳು.

"ನೀವೂ."

"ನಾನ್ಯಾಕವ್ವಾ? ನಾನು ಸರಿಯಾಗೇ ಬರ್ದಿದೀನಲ್ಲ?"

"ಗಿ ಅಂದ್ರೆ ಗಿಡ್ಡ ಅಂತ ನಂಗೆ ಗೊತ್ತಿತ್ತು ಅಂತ ಬರೀರಿ. ಹೆಸರು ಬರೀರಿ."

ಅಣ್ಣಾ ಎನ್ನಲಿಲ್ಲ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ಶಾಲು ಜಾರುತ್ತಿತ್ತು, ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಗ್ಗಿ ಬರೆದ. ಸಿದ್ದಲಿಂಗೇಶರ ಹೆಸರಿನ ಕೆಳಗೆ ಹೊನ್ನೇಶ ಎಂದು ದುಂಡಗೆ ಬಂತು. ಪಕ್ಕದಲ್ಲಿ ತಾರೀಕು ಹಾಕಲು ಹೋದಾಗ ಅವಳು ಬೆರಳು ಅಡ್ಡ ಇಟ್ಟಳು.

"ಇವತ್ತಿಂದಲ್ಲ. ಗೊತ್ತಾದ ದಿನದ್ದು."

ಅವನು ಅದನ್ನು ಒಂದು ಸಲವೂ ತಡವರಿಸದೆ ಬರೆದ.